ಕನ್ನಡ ನಾಡಿನಲ್ಲಿ ಶ್ವಾನಚಿಕಿತ್ಸೆ: ಪ್ರಮಾಣವಿವೇಕದ ಇತಿಹಾಸ

ಪಶುವೈದ್ಯದ ವಿಷಯದಲ್ಲಿ ಕನ್ನಡ ವಾಙ್ಮಯವು ಬಡವಾದುದಲ್ಲ. ಚಾಲುಕ್ಯ ವಂಶದ ಕೀರ್ತಿವರ್ಮನು 12ನೆಯ ಶತಮಾನದ ಆದಿಭಾಗದಲ್ಲಿ ‘ಗೋವೈದ್ಯ’ವನ್ನು ರಚಿಸಿದನು, ಅಭಿನವಚಂದ್ರನು ಸುಮಾರು 1400ರಲ್ಲಿ ಅಶ್ವವೈದ್ಯವನ್ನು ಕುರಿತು ಬರೆದನು. ಉಳುಮೆಗೆ ಎತ್ತು, ಯುದ್ಧಕ್ಕೆ ಕುದುರೆ ಬೇಕಾಗಿದ್ದ ಕಾಲದಲ್ಲಿ ಇದು ಸಹಜವೇ. ನಾಯಿಗೆ ದೊರೆತುದಾದರೋ ಸ್ಮಾರಕಶಿಲೆ.

ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವು (ಕ್ರಿ. ಶ. 949-50) ಇದಕ್ಕೆ ಸಾಕ್ಷಿ. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರನು ಗಂಗ ಬೂತುಗನಿಂದ ‘ಕಾಳಿ’ಯೆಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಅದು ಕಾಡುಹಂದಿಯೊಡನೆ ಹೋರಾಡಿ ಮಡಿಯಲು, ಕಲ್ಲನ್ನು ನಿಲಿಸಿ ಭೂಮಿಯನ್ನು ದತ್ತಿಬಿಡಲಾಯಿತು. ಈ ಶಿಲೆ ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ನಾಯಿಯ ರೋಗಗಳ ವ್ಯವಸ್ಥಿತ ಬೋಧನೆಗೆ ಆಧುನಿಕ ವಿದ್ಯಾಲಯಗಳೇ ಆಧಾರವಾದುವು. ಉಜಿರೆ, ಬೆಳ್ತಂಗಡಿ, ಮೂಡುಬಿದಿರೆಗಳ ಪ್ರದೇಶವು 1956ರ ವರೆಗೆ ಮದರಾಸಿನ ಆಡಳಿತದಲ್ಲಿತ್ತು. ಅಲ್ಲಿ 1903ರಲ್ಲಿಯೇ ಪಶುವೈದ್ಯ ಕಾಲೇಜು ತೆರೆದಿತ್ತು. ಬೆಂಗಳೂರಿನ ಹೆಬ್ಬಾಳದ ಕಾಲೇಜು 1958ರಲ್ಲಿ ಆರಂಭವಾಯಿತು. ಇಂದಿನ ಶ್ವಾನಚಿಕಿತ್ಸೆಯ ಎರಡು ಪ್ರಬಲ ಸಾಧನಗಳು ಮಾತ್ರ ಮಾನವವೈದ್ಯದಿಂದ ಬಂದವು. 1832ರ ಕಾಲರಾದಲ್ಲಿ ಥಾಮಸ್ ಲಟ್ಟಾ ಎಂಬ ವೈದ್ಯನು ರೋಗಿಗಳ ರಕ್ತನಾಳಕ್ಕೆ ಲವಣದ್ರಾವಣವನ್ನು ಹರಿಸಿದನು. 1948ರಲ್ಲಿ ಹೆಂಚನು ಸಂಧಿವಾತಕ್ಕೆ ಕಾರ್ಟಿಸೋನನ್ನು ಪ್ರಯೋಗಿಸಿದನು. ಈ ಸಂಶೋಧನೆಗಾಗಿ ಅವನಿಗೂ ಕೆಂಡಾಲ್, ರೈಖ್‌ಸ್ಟೈನರಿಗೂ 1950ರ ನೊಬೆಲ್ ಪಾರಿತೋಷಕ ಸಂದಿತು.

ಇವೆರಡರ ಮುಂದಿನ ಇತಿಹಾಸವು ಅತ್ಯುತ್ಸಾಹದಿಂದ ಮಿತದ ಕಡೆಗೆ ನಡೆದುದಾಗಿದೆ. ರಕ್ತಪರಿಚಲನೆ ಕುಸಿದ ನಾಯಿಗೆ ಭಾರಿ ಪ್ರಮಾಣದಲ್ಲಿ ಸ್ಟಿರಾಯ್ಡ್ ಕೊಡುವ ವಾಡಿಕೆ ಕೆಲವು ದಶಕಗಳ ಕಾಲ ಇತ್ತು. ಪ್ರಯೋಜನವು ಸಿದ್ಧವಾಗದೆ, ಜೀರ್ಣಾಂಗಗಳ ಹುಣ್ಣು, ರಕ್ತಸ್ರಾವಗಳು ಕಂಡುಬಂದುದರಿಂದ ಅದು ಹಿಂದೆ ಸರಿಯಿತು. ಉರಿಯೂತಕ್ಕೆ ಪ್ರೆಡ್ನಿಸೊಲೋನನ್ನು ಸಾಮಾನ್ಯವಾಗಿ ದಿನಕ್ಕೆ ಕಿಲೋಗ್ರಾಂ ತೂಕಕ್ಕೆ 0.5ರಿಂದ 1 ಮಿಲಿಗ್ರಾಂ ಕೊಡುತ್ತಾರೆ. ಸ್ಟಿರಾಯ್ಡೇತರ ಉರಿಯೂತನಿವಾರಕಗಳೊಡನೆ ಕೊಟ್ಟರೆ ಹುಣ್ಣಿನ ಭಯ ಹೆಚ್ಚುತ್ತದೆ. ದೀರ್ಘಕಾಲ ಕೊಟ್ಟು ಹಠಾತ್ತನೆ ನಿಲ್ಲಿಸಿದರೆ, ಕುಗ್ಗಿಹೋದ ಅಡ್ರಿನಲ್ ಗ್ರಂಥಿಯು ತನ್ನ ಕೆಲಸವನ್ನು ನಿರ್ವಹಿಸಲಾರದೆ ಪ್ರಾಣಕ್ಕೆ ಅಪಾಯವಾಗಬಹುದು. ಆದುದರಿಂದ ಕ್ರಮೇಣ ಇಳಿಸುವುದೇ ನಿಯಮ.

ದ್ರವಚಿಕಿತ್ಸೆಯೂ ಹಾಗೆಯೇ ಲೆಕ್ಕಕ್ಕೆ ಒಳಪಟ್ಟಿತು. 10 ಕಿಲೋಗ್ರಾಂ ತೂಗುವ ನಾಯಿಯು ನೂರಕ್ಕೆ 8 ಭಾಗ ನಿರ್ಜಲತೆಯಿಂದ ಬಳಲಿದರೆ ಕೊರತೆ 800 ಮಿಲಿಲೀಟರು. ಇದಕ್ಕೆ ನಿತ್ಯದ ಅಗತ್ಯವನ್ನೂ ವಾಂತಿಭೇದಿಗಳಿಂದಾಗುವ ನಷ್ಟವನ್ನೂ ಕೂಡಿಸಬೇಕು. ಹಿಂದೆ ಕಿಲೋಗ್ರಾಮಿಗೆ 90 ಮಿಲಿಲೀಟರಿನ ವರೆಗೆ ಒಮ್ಮೆಗೇ ಹರಿಸಲಾಗುತ್ತಿತ್ತು. ಇಂದು 15-20 ಮಿಲಿಲೀಟರಿನಷ್ಟು ಕೊಟ್ಟು, ನಾಡಿ ಉಸಿರಾಟಗಳನ್ನು ನೋಡಿ, ಬಳಿಕ ಮುಂದಿನದನ್ನು ನಿರ್ಧರಿಸುತ್ತಾರೆ. ಅತಿಯಾದ ದ್ರವವು ಶ್ವಾಸಕೋಶದಲ್ಲಿ ತುಂಬಿಕೊಳ್ಳಬಹುದು, ಹೃದ್ರೋಗವಿದ್ದರೆ ಇನ್ನೂ ಬೇಗ.

ಅಡ್ರಿನಲ್ ಗ್ರಂಥಿಯೇ ಸೋತ ಅಡಿಸನ್ ರೋಗದ ಬಿಕ್ಕಟ್ಟಿನಲ್ಲಿ ನಾಯಿಯನ್ನು ಉಳಿಸುವುವು ಈ ಎರಡೇ: ಲವಣದ್ರಾವಣ ಮತ್ತು ಸ್ಟಿರಾಯ್ಡ್. ಒಂದೆಡೆ ಪ್ರಾಣದಾಯಕವಾದುದು ಇನ್ನೊಂದೆಡೆ ಹಾನಿಕರವಾಗುವುದು ನಿದಾನ, ಪ್ರಮಾಣ, ಕಾಲಗಳ ಭೇದದಿಂದ. ನಮ್ಮ ತೋಟದ ಮನೆಗಳ ಕಾವಲುನಾಯಿಗೆ ಈ ಮದ್ದುಗಳು ಈಗ ಸುಲಭವಾಗಿ ದೊರೆಯುತ್ತಿರುವುದರಿಂದ, ಅವುಗಳ ಮಿತಿಯನ್ನು ಕನ್ನಡದಲ್ಲಿ ವಿಶದವಾಗಿ ತಿಳಿಸುವ ಶ್ವಾನವೈದ್ಯ ಗ್ರಂಥಗಳು ಬೆಳೆಯಬೇಕಾಗಿದೆ. ಗೋವಿಗೂ ಅಶ್ವಕ್ಕೂ ಶಾಸ್ತ್ರವನ್ನು ಬರೆದ ಭಾಷೆಗೆ ಇದು ಅಸಾಧ್ಯವಾದುದಲ್ಲ.