ನಾಲೆ, ಕೊಳವೆ, ಹೆದ್ದಾರಿ: ಮಂಡ್ಯ, ಮದ್ದೂರು, ಮಳವಳ್ಳಿಗಳ ನಗರೀಕರಣದ ಚರಿತ್ರೆ

ಪ್ರಸ್ತಾವನೆ

ಅಭಿವೃದ್ಧಿಶೀಲ ದೇಶಗಳ ನಗರೀಕರಣವೆಂದರೆ ಮಹಾನಗರಗಳ ಕಥೆ ಎಂದೇ ನಾವು ಓದುತ್ತ ಬಂದಿದ್ದೇವೆ. ವಿಶ್ವಸಂಸ್ಥೆ 2018ರಲ್ಲಿ ಕೊಟ್ಟ ಅಂದಾಜಿನಂತೆ ಜಗತ್ತಿನ ಶೇ 55ರಷ್ಟು ಜನ ನಗರವಾಸಿಗಳು. 2050ಕ್ಕೆ ಅದು ಶೇ 68 ಆಗುತ್ತದೆ. ಅಷ್ಟರಲ್ಲಿ ಭಾರತದ ನಗರಗಳಲ್ಲೇ 41.6 ಕೋಟಿ ಜನ ಹೆಚ್ಚುತ್ತಾರೆ. ಈ ಅಂಕಿಗಳಲ್ಲಿ ಕಾಣದ ಒಂದು ಪ್ರಶ್ನೆಯಿದೆ. ಮಹಾನಗರಕ್ಕೆ ಜನ, ನೀರು, ಹಾಲು, ಬೆಲ್ಲ ಕಳಿಸುವ ಸೀಮೆಯ ಸಣ್ಣ ಪೇಟೆಗಳ ಗತಿ ಏನು?

ಮಂಡ್ಯ ಜಿಲ್ಲೆಯ ಲೆಕ್ಕ ಈ ಪ್ರಶ್ನೆಯನ್ನು ಚುರುಕಾಗಿಸುತ್ತದೆ. 2001ರಿಂದ 2011ರ ನಡುವೆ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ ಸುಮಾರು ಶೇ 47ರಷ್ಟು ಏರಿತು. ನೂರು ಕಿಲೋಮೀಟರ್ ದೂರದ ಮಂಡ್ಯ ಜಿಲ್ಲೆಯಲ್ಲಿ ಆ ಏರಿಕೆ ಶೇ 2.4 ಮಾತ್ರ. ಮಂಡ್ಯ ನಗರದ ಜನಸಂಖ್ಯೆ 1,31,211ರಿಂದ 1,37,358ಕ್ಕೆ ಬಂದು ನಿಂತಿತು. ರಾಜ್ಯದ ಶೇ 38.67ರಷ್ಟು ಜನ ನಗರವಾಸಿಗಳಾಗಿದ್ದಾಗ ಈ ಜಿಲ್ಲೆಯಲ್ಲಿ ಶೇ 17ರಷ್ಟು ಜನ ಮಾತ್ರ ಪೇಟೆಗಳಲ್ಲಿದ್ದರು. ಹಾಗೆಂದು ಮಂಡ್ಯದ ಜನ ನಗರದಿಂದ ದೂರ ಉಳಿದಿದ್ದಾರೆ ಎನ್ನಲಾಗದು. ಅವರ ನಗರೀಕರಣ ಜಿಲ್ಲೆಯ ಗಡಿಯಾಚೆ, ಬೆಂಗಳೂರಿನಲ್ಲಿ ನಡೆದಿದೆ. ಹೊಲದಲ್ಲಿ ಬೆಳೆದದ್ದನ್ನು ಊರಿನಲ್ಲೇ ಹದಗೊಳಿಸಿದ ಕಾಲದಲ್ಲಿ ಇಲ್ಲಿಯ ಪೇಟೆ ಬೆಳೆಯಿತು. ಸಂಪತ್ತು ಊರನ್ನು ಹಾದುಹೋಗತೊಡಗಿದ ಮೇಲೆ ಪೇಟೆ ಸೊರಗಿತು. ಈ ಲೇಖನದ ವಾದ ಇಷ್ಟೆ.

ಮಂಡ್ಯ: ನಾಲೆ ಕಟ್ಟಿದ ಪಟ್ಟಣ

ಇಪ್ಪತ್ತನೇ ಶತಮಾನದ ಆರಂಭದಲ್ಲಿ ಮಂಡ್ಯ ಬೆಂಗಳೂರು–ಮೈಸೂರು ರೈಲು ದಾರಿಯ ಒಂದು ಸಾಮಾನ್ಯ ತಾಲ್ಲೂಕು ಕೇಂದ್ರ. ಸುತ್ತಲಿನದೆಲ್ಲ ರಾಗಿ, ಹುರುಳಿಯ ಬೆದ್ದಲು. 1911ರಲ್ಲಿ ಶುರುವಾದ ಕೃಷ್ಣರಾಜಸಾಗರದ ಕೆಲಸ ಮುಗಿಯುತ್ತ ಬಂದಾಗ, ಹುಲಿಕೆರೆಯ ಬಳಿ ಗುಡ್ಡ ಕೊರೆದು ಸುರಂಗದ ಮೂಲಕ ಹಾಯಿಸಿದ ಇರ್ವಿನ್ ನಾಲೆ 1932ರಲ್ಲಿ ಈ ಬೆದ್ದಲಿಗೆ ಕಾವೇರಿಯನ್ನು ತಂದಿತು. ಇಂದು ಅದು ವಿಶ್ವೇಶ್ವರಯ್ಯ ನಾಲೆ. ಮರುವರ್ಷ, 1933ರಲ್ಲಿ, ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ದಿವಾನರಾಗಿದ್ದ ಮಿರ್ಜಾ ಇಸ್ಮಾಯಿಲ್ ಅವರ ಆಡಳಿತ, ಕೃಷಿ ನಿರ್ದೇಶಕ ಲೆಸ್ಲಿ ಕೋಲ್ಮನ್ ಅವರ ಒತ್ತಾಸೆ, ಷೇರು ಕೊಂಡ ರೈತರ ದುಡ್ಡು, ಮೂರೂ ಅದರ ಹಿಂದಿದ್ದವು. 1939ರ ಜುಲೈ 1ರಂದು ಮೈಸೂರು ಜಿಲ್ಲೆಯಿಂದ ಬೇರೆಯಾಗಿ ಮಂಡ್ಯ ಜಿಲ್ಲೆ ರೂಪುಗೊಂಡಿತು. ನಾಲೆ, ಕಾರ್ಖಾನೆ, ಕಚೇರಿ ಒಂದರ ಬೆನ್ನಿಗೆ ಒಂದು ಏಳು ವರ್ಷದೊಳಗೆ ಬಂದವು.

ಕಾರ್ಖಾನೆಯ ಗೇಟಿನ ಮುಂದೆ ರಾತ್ರಿಯಿಡೀ ಸಾಲುಗಟ್ಟುತ್ತಿದ್ದ ಕಬ್ಬಿನ ಗಾಡಿಗಳನ್ನು ನೆನೆಯಬೇಕು. ಎತ್ತುಗಳಿಗೆ ಹುಲ್ಲು ಬೇಕು, ಗಾಡಿಗೆ ಕೀಲೆಣ್ಣೆ ಬೇಕು, ಗಾಡಿ ಹೊಡೆಯುವವನಿಗೆ ಊಟ ಬೇಕು. ತೂಕವಾಗಿ ಬಟವಾಡೆ ಕೈಗೆ ಬಂದ ದಿನ ಬಟ್ಟೆ, ಪಾತ್ರೆ, ಮಗನ ಪುಸ್ತಕ ಕೊಳ್ಳಬೇಕು. ಕಾಕಂಬಿಯ ವಾಸನೆ ಹರಡಿದಷ್ಟು ದೂರವೂ ಅಂಗಡಿಬೀದಿ ಹರಡಿತು. ಕಬ್ಬಿನ ದುಡ್ಡು ಮುಂದೆ ವಿದ್ಯೆಗೂ ತಿರುಗಿತು. ಕೆ.ವಿ. ಶಂಕರಗೌಡರು ಮುಂದೆ ನಿಂತು ಕಟ್ಟಿದ ಪಿ.ಇ.ಎಸ್. ಎಂಜಿನಿಯರಿಂಗ್ ಕಾಲೇಜು 1962ರಲ್ಲಿ ಆರಂಭವಾಯಿತು. ಮದ್ದೂರು ತಾಲ್ಲೂಕಿನ ಕಾಳಮುದ್ದನದೊಡ್ಡಿ ಇದೇ ಹಾದಿಯ ಸಣ್ಣ ಉದಾಹರಣೆ. ದನದ ದೊಡ್ಡಿಯ ಹೆಸರು ಹೊತ್ತ ಆ ಊರಿಗೆ ಜಿ. ಮಾದೇಗೌಡರ ವಿದ್ಯಾಸಂಸ್ಥೆ ಬಂತು, ಸಕ್ಕರೆ ಕಾರ್ಖಾನೆ ಬಂತು, ಊರು ಭಾರತೀನಗರವಾಯಿತು.

ನೀರು ಹತ್ತದ ಊರಿನ ಪಾಠ

ನೀರು ಬಂದರೆ ಊರು ತಾನಾಗಿ ಪಟ್ಟಣದ ಬದುಕಿಗೆ ತೆರೆದುಕೊಳ್ಳುತ್ತದೆಯೇ? ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೈನ್ 1950ರ ದಶಕದ ನಡುವೆ ಮಂಡ್ಯದ ಸಮೀಪದ ಎರಡು ಹಳ್ಳಿಗಳಲ್ಲಿದ್ದು ಇದನ್ನೇ ಪರಿಶೀಲಿಸಿದರು. ಆಕೆ ಅವುಗಳಿಗೆ ವಂಗಲ, ದಲೇನ ಎಂಬ ಮರೆಹೆಸರಿಟ್ಟು 1962ರಲ್ಲಿ ಪುಸ್ತಕ ಪ್ರಕಟಿಸಿದರು. ವಂಗಲಕ್ಕೆ ನಾಲೆ ನೀರು ಹರಿದಿತ್ತು. ಅಲ್ಲಿಯವರು ಗದ್ದೆ, ಕಬ್ಬಿನಲ್ಲೇ ಸ್ಥಿತಿವಂತರಾದರು. ಊರಿನ ಹಳೆಯ ಕಟ್ಟುಪಾಡು ಹೆಚ್ಚೇನೂ ಅಲುಗಲಿಲ್ಲ. ದಲೇನ ಎತ್ತರದಲ್ಲಿದ್ದುದರಿಂದ ನೀರು ಹತ್ತಲಿಲ್ಲ. ಆ ಊರಿನವರು ಮಂಡ್ಯದಲ್ಲಿ ಕೆಲಸ ಹಿಡಿದರು, ಗಾಡಿ ಬಾಡಿಗೆಗೆ ಹೊಡೆದರು, ಗಿರಣಿ, ವ್ಯಾಪಾರಕ್ಕೆ ಕೈಹಾಕಿದರು, ಬೇರೆ ಊರುಗಳಲ್ಲಿ ತರಿ ಜಮೀನು ಕೊಂಡರು. ಬದಲಾವಣೆ ಹೆಚ್ಚು ಕಂಡದ್ದು ಈ ಒಣ ಊರಿನಲ್ಲಿ.

ನಮ್ಮ ಚರ್ಚೆಗೆ ಇಲ್ಲಿರುವ ಮುಖ್ಯ ಅಂಶ ದೂರದ್ದು. ದಲೇನದವನು ಬೆಳಗ್ಗೆ ಹೊರಟು ಮಂಡ್ಯದಲ್ಲಿ ದುಡಿದು ಸಂಜೆ ಊರು ಸೇರುತ್ತಿದ್ದ. ಪೇಟೆಯ ಸಂಬಳ ಹಳ್ಳಿಯಲ್ಲೇ ಖರ್ಚಾಗುತ್ತಿತ್ತು. ಇಂದು ಅದೇ ಸೀಮೆಯ ಹುಡುಗನಿಗೆ ಕೆಲಸ ಬೆಂಗಳೂರಿನ ಪೀಣ್ಯದಲ್ಲಿ, ಬಾಡಿಗೆ ಕೋಣೆ ಅಲ್ಲಿಯ ಕಾಮಾಕ್ಷಿಪಾಳ್ಯದಲ್ಲಿ. ಊರಿಗೆ ಬರುವುದು ಹಬ್ಬಕ್ಕೆ, ಮಾರಿಗೆ, ಚುನಾವಣೆಗೆ.

ಮಳವಳ್ಳಿ: ಬೆಳಕು ಕೊಟ್ಟಿತು, ನೀರೂ ಕೊಟ್ಟಿತು

ಬೆಂಗಳೂರಿನ ಚರಿತ್ರೆಯನ್ನು ಬೆಂಗಳೂರಿನಲ್ಲೇ ಕುಳಿತು ಪೂರ್ತಿ ಬರೆಯಲಾಗದು. ಅದಕ್ಕೆ ಮಳವಳ್ಳಿ ತಾಲ್ಲೂಕಿಗೆ ಬರಬೇಕು. ಶಿವನಸಮುದ್ರದಲ್ಲಿ, ಜನ ‘ಬ್ಲಫ್’ ಎಂದು ಕರೆಯುವ ಜಾಗದ ವಿದ್ಯುತ್ ಕೇಂದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೂ 1905ರಲ್ಲಿ ಬೆಂಗಳೂರಿನ ಬೀದಿಗೂ ಕರೆಂಟು ಹೋಯಿತು. 1974ರಿಂದ ಇದೇ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧವಾದ ಕಾವೇರಿ ನೀರು, ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಪಂಪಾಗಿ, ಸುಮಾರು 100 ಕಿಲೋಮೀಟರ್ ದೂರ, 500 ಮೀಟರ್ ಎತ್ತರ ಏರಿ ಬೆಂಗಳೂರು ಸೇರುತ್ತಿದೆ. 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಐದನೇ ಹಂತವೊಂದೇ ದಿನಕ್ಕೆ 77.5 ಕೋಟಿ ಲೀಟರ್ ನೀರು ಸಾಗಿಸುವ ಯೋಜನೆ.

ಕುಡಿಯುವ ನೀರನ್ನು ಬೇಡವೆನ್ನುವವರಿಲ್ಲ. ಬೆಂಗಳೂರಿನ ನಲ್ಲಿ ತಿರುಗಿಸುವವರಲ್ಲಿ ಮಳವಳ್ಳಿಯ ಮಕ್ಕಳೂ ಇದ್ದಾರೆ. ಕಾವೇರಿ ನ್ಯಾಯಮಂಡಳಿ 2007ರಲ್ಲಿ ಬೆಂಗಳೂರಿನ ಮೂರನೇ ಒಂದು ಭಾಗ ಮಾತ್ರ ಕಾವೇರಿ ಕಣಿವೆಯೊಳಗಿದೆ ಎಂದು ಲೆಕ್ಕ ಹಾಕಿತ್ತು. ಸುಪ್ರೀಂ ಕೋರ್ಟ್ 2018ರ ಫೆಬ್ರವರಿ 16ರ ತೀರ್ಪಿನಲ್ಲಿ ಕರ್ನಾಟಕಕ್ಕೆ ಹೆಚ್ಚುವರಿಯಾಗಿ ಕೊಟ್ಟ 14.75 ಟಿಎಂಸಿಯಲ್ಲಿ 4.75 ಟಿಎಂಸಿಯನ್ನು ಬೆಂಗಳೂರಿನ ಅಗತ್ಯಕ್ಕೆಂದೇ ಗುರುತಿಸಿತು. ನಗರದ ಬಾಯಾರಿಕೆಗೆ ಕಾನೂನಿನಲ್ಲಿ ಹೀಗೆ ಜಾಗ ಸಿಕ್ಕಿತು. ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದಲ್ಲಿರುವ ಮಳವಳ್ಳಿಯ ರೈತ ಮಾತ್ರ ಬೆಳೆಗೆ ನೀರು ತಲುಪಲಿಲ್ಲವೆಂದು ಇಂದಿಗೂ ರಸ್ತೆಗಿಳಿಯುತ್ತಾನೆ. ವಿದ್ಯುತ್ತಿನ ಹಿಂದೆ, ನೀರಿನ ಹಿಂದೆ ಮಳವಳ್ಳಿ ಪೇಟೆಗೆ ಕೈಗಾರಿಕೆ ಬರಲಿಲ್ಲ, ರೈಲೂ ಬರಲಿಲ್ಲ.

ಮದ್ದೂರು: ನಿಲ್ದಾಣದಿಂದ ಬೈಪಾಸಿಗೆ

ಶಿಂಷಾ ದಡದ ಮದ್ದೂರನ್ನು ದಾರಿಯೇ ಬೆಳೆಸಿತು. ರೈಲು ನಿಲ್ದಾಣದಲ್ಲಿ ಹುಟ್ಟಿದ ವಡೆ ಊರಿನ ಹೆಸರನ್ನು ಲೋಕಕ್ಕೆ ಒಯ್ದಿತು. ಇಲ್ಲಿಯ ಎಳನೀರು ಮಾರುಕಟ್ಟೆಯಿಂದ ಲಾರಿಗಳು ದೆಹಲಿ, ಮುಂಬೈವರೆಗೆ ಹೋಗುತ್ತವೆ.

2023ರ ಮಾರ್ಚ್ 12ರಂದು ಪ್ರಧಾನಿಯವರು ಗೆಜ್ಜಲಗೆರೆಯಲ್ಲಿ ಉದ್ಘಾಟಿಸಿದ 119 ಕಿಲೋಮೀಟರ್ ಉದ್ದದ ಬೆಂಗಳೂರು–ಮೈಸೂರು ಹೆದ್ದಾರಿ ಮದ್ದೂರಿಗೂ ಮಂಡ್ಯಕ್ಕೂ ಬೈಪಾಸ್ ಹಾಕಿತು. ಪಯಣದ ಹೊತ್ತು ಉಳಿಯಿತು. ರೋಗಿಯನ್ನು ದೊಡ್ಡಾಸ್ಪತ್ರೆಗೆ ಸಾಗಿಸುವವರಿಗೆ ಅದು ಸಣ್ಣ ಲಾಭವಲ್ಲ. ಆದರೆ ಹಳೆಯ ರಸ್ತೆಯ ಹೋಟೆಲು, ಹಣ್ಣಿನಂಗಡಿಗಳ ಮುಂದೆ ನಿಲ್ಲುತ್ತಿದ್ದ ಕಾರು, ಬಸ್ಸು ಈಗ ಮೇಲೆಯೇ ಸಾಗುತ್ತವೆ. ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಮುಖ್ಯ ರಸ್ತೆಯಲ್ಲಿ ಪ್ರವೇಶವಿಲ್ಲ. ಕಬ್ಬು ಹೇರಿದ ಟ್ರ್ಯಾಕ್ಟರ್ ತನ್ನದೇ ಸೀಮೆಯಲ್ಲಿ ಸರ್ವಿಸ್ ರಸ್ತೆ ಹಿಡಿದು ತೆವಳಬೇಕು.

ಸವಾಲು ಮತ್ತು ಅವಕಾಶ

ಈ ಚರಿತ್ರೆಯಿಂದ ಹೊರಡುವ ಮೊದಲ ಸವಾಲು ಮನೆಯೊಳಗಿನದು. 2023ರ ಫೆಬ್ರವರಿಯಲ್ಲಿ ಮದುವೆಗೆ ಹೆಣ್ಣು ಸಿಗದ ಯುವ ರೈತರು ಭಾರತೀನಗರದಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟರು. ಅದನ್ನು ಸುದ್ದಿಯ ಸ್ವಾರಸ್ಯವಾಗಿ ಓದಿ ಬದಿಗಿಡುವುದು ಸರಿಯಲ್ಲ. ಓದಿದ ಹೆಣ್ಣುಮಕ್ಕಳು ಬೇಸಾಯದ ಮನೆಯನ್ನು ಬೇಡವೆನ್ನುತ್ತಿರುವುದಕ್ಕೆ ಕಾರಣವಿದೆ. ಆ ಮನೆಯ ಹತ್ತಿರದ ಪೇಟೆಯಲ್ಲಿ ಅವರ ಓದಿಗೆ ತಕ್ಕ ಕೆಲಸವಿಲ್ಲ. ಎರಡನೆಯ ಸವಾಲು ಎಣಿಕೆಯದು. ದುಡಿಯುವ ಗಂಡಸರಲ್ಲಿ ಶೇ 75ರಷ್ಟು ಮಂದಿ ಬೇಸಾಯ ಬಿಟ್ಟಿದ್ದರಷ್ಟೇ ಜನಗಣತಿ ದೊಡ್ಡ ಹಳ್ಳಿಯೊಂದನ್ನು ‘ಗಣತಿ ಪಟ್ಟಣ’ವೆಂದು ಒಪ್ಪುತ್ತದೆ. ಬೆಳಗ್ಗೆ ಹಾಲು ಕರೆದು ಡೇರಿಗೆ ಹಾಕಿ ಬೆಂಗಳೂರಿನ ರೈಲು ಹತ್ತುವವರ ಬದುಕು ಈ ಅಳತೆಗೆ ಸಿಗುವುದಿಲ್ಲ.

ಅವಕಾಶಗಳೂ ಇದೇ ನೆಲದಲ್ಲಿವೆ. ಗೆಜ್ಜಲಗೆರೆಯಲ್ಲಿರುವ ಜಿಲ್ಲಾ ಹಾಲು ಒಕ್ಕೂಟದ ಡೇರಿ ಹಳ್ಳಿಹಳ್ಳಿಯ ಹಾಲನ್ನು ಜಿಲ್ಲೆಯೊಳಗೇ ಹದಗೊಳಿಸಿ, ಬಟವಾಡೆಯನ್ನು ಹಳ್ಳಿಗೇ ಹಿಂತಿರುಗಿಸುತ್ತದೆ. ಕೆಲವು ವರ್ಷ ನಿಂತಿದ್ದ ಮೈಸೂರು ಸಕ್ಕರೆ ಕಾರ್ಖಾನೆ 2022ರಲ್ಲಿ ಮತ್ತೆ ಕಬ್ಬು ನುರಿಸತೊಡಗಿತು. ಆಲೆಮನೆಯ ಬೆಲ್ಲಕ್ಕೂ ಮದ್ದೂರಿನ ಎಳನೀರಿಗೂ ಇದೇ ಬಗೆಯ ವ್ಯವಸ್ಥೆ ಬೇಕು. ಬೆಲ್ಲವನ್ನು ಪರೀಕ್ಷಿಸಿ ಪೊಟ್ಟಣ ಕಟ್ಟುವ, ಎಳನೀರನ್ನು ಕೆಡದಂತೆ ತುಂಬುವ, ಬುರುಡೆಯಿಂದ ನಾರು ತೆಗೆಯುವ ಘಟಕಗಳು ಪೇಟೆಯ ಅಂಚಿನಲ್ಲೇ ಬಂದರೆ ಹುಡುಗಿಯರಿಗೂ ಹುಡುಗರಿಗೂ ಮನೆಯಿಂದ ಹೋಗಿಬರುವ ದೂರದಲ್ಲಿ ಕೆಲಸ ಸಿಗುತ್ತದೆ.

ಉಪಸಂಹಾರ

1932ರ ನಾಲೆಯೂ 1974ರ ಕೊಳವೆಯೂ ಒಂದೇ ನದಿಯ ನೀರನ್ನು ಹೊತ್ತವು. ನಾಲೆಯ ನೀರು ಕಬ್ಬಾಗಿ, ಸಕ್ಕರೆಯಾಗಿ, ಕಾಲೇಜಾಗಿ ಮಂಡ್ಯದಲ್ಲೇ ಉಳಿಯಿತು. ಕೊಳವೆಯ ನೀರು ಮಳವಳ್ಳಿಯನ್ನು ಹಾದುಹೋಯಿತು. ಹೊಸ ಹೆದ್ದಾರಿ ಈ ಎರಡರಲ್ಲಿ ಯಾವುದರಂತಾಗಬೇಕು ಎಂಬ ತೀರ್ಮಾನ ಇನ್ನೂ ನಮ್ಮ ಕೈಯಲ್ಲಿದೆ. ಬೆಂಗಳೂರಿನ ಮುಂದಿನ ಯೋಜನೆ ಬರೆಯುವವರು ಮಳವಳ್ಳಿ, ಮದ್ದೂರು, ಮಂಡ್ಯಗಳನ್ನು ಆ ಯೋಜನೆಯ ಪಾಲುದಾರರೆಂದು ಎಣಿಸಲಿ. ನೀರು ಎತ್ತುವ ಪ್ರತಿ ಹಂತದ ಜೊತೆಗೆ ನೀರು ಕೊಟ್ಟ ತಾಲ್ಲೂಕಿನಲ್ಲಿ ಒಂದು ಉದ್ಯೋಗ ನೆಲೆಯನ್ನೂ ಕಟ್ಟಲಿ. ನೂರಿಪ್ಪತ್ತು ವರ್ಷದಿಂದ ಕೊಡುತ್ತಲೇ ಬಂದ ಸೀಮೆಗೆ ಸಲ್ಲಬೇಕಾದ ಬಾಕಿ ಅದು.