‘ಇನೆಪ್ತುಸ್’: ಒಂದು ಲ್ಯಾಟಿನ್ ಗುಣವಾಚಕದ ಅರ್ಥಚರಿತ್ರೆ

ಲ್ಯಾಟಿನ್ ನಿಘಂಟುಗಳು ‘ಇನೆಪ್ತುಸ್’ ಎಂಬ ಗುಣವಾಚಕಕ್ಕೆ ಅಯೋಗ್ಯ, ಮೂರ್ಖ, ಅಸಂಗತ ಮುಂತಾದ ಅರ್ಥಗಳನ್ನು ಸಾಲಾಗಿ ನೀಡುತ್ತವೆ. ಇವುಗಳಲ್ಲಿ ಯಾವುದೂ ತಪ್ಪಲ್ಲ. ಆದರೆ ಇವೆಲ್ಲವನ್ನೂ ಕೂಡಿಸುವ ಸೂತ್ರ ಯಾವುದೆಂಬುದು ಅಲ್ಲಿ ತಿಳಿಯುವುದಿಲ್ಲ. ಈ ಪದವು ಮೂಲತಃ ವ್ಯಕ್ತಿಯ ಬುದ್ಧಿಯನ್ನಾಗಲಿ ಕೌಶಲವನ್ನಾಗಲಿ ಅಳೆಯುವಂಥದಲ್ಲ. ವ್ಯಕ್ತಿಗೂ ಸಂದರ್ಭಕ್ಕೂ ಇರಬೇಕಾದ ಹೊಂದಿಕೆ ತಪ್ಪಿದುದನ್ನು ಸೂಚಿಸುವಂಥದು ಎಂಬುದು ಪ್ರಸ್ತುತ ಲೇಖನದ ವಾದ.

ಪದರಚನೆಯೇ ಇದಕ್ಕೆ ಮೊದಲ ಆಧಾರ. ‘ಅಪ್ತುಸ್’ ಎಂದರೆ ಬಿಗಿದು ಜೋಡಿಸಿದ, ಹೊಂದಿಕೊಂಡ ಎಂದರ್ಥ. ‘ಇನ್’ ನಿಷೇಧಾರ್ಥಕ ಪೂರ್ವಪ್ರತ್ಯಯ. ‘ಕಪ್ತುಸ್’ ಎಂಬುದು ಸಮಾಸದಲ್ಲಿ ‘ಅಕ್ಕೆಪ್ತುಸ್’ ಆಗುವಂತೆ, ಇಲ್ಲಿಯೂ ಎರಡನೆಯ ಅಕ್ಷರದ ಅಕಾರವು ಎಕಾರವಾಗಿದೆ. ಪದಾದಿಯಲ್ಲಿ ಆಘಾತವಿದ್ದ ಪ್ರಾಚೀನ ಲ್ಯಾಟಿನ್ನಿನ ಈ ಸ್ವರಶೈಥಿಲ್ಯವು ಪದದ ಹಳಮೆಗೆ ಸಾಕ್ಷಿ. ಕನ್ನಡಕ್ಕೆ ಸಂಸ್ಕೃತದಿಂದ ಬಂದ ‘ಆಪ್ತ’ ಶಬ್ದದ ‘ಆಪ್’ ಧಾತುವಿನೊಡನೆ ‘ಅಪ್ತುಸ್’ಗೆ ನಂಟು ಕಲ್ಪಿಸುವುದು ತೌಲನಿಕ ಭಾಷಾಶಾಸ್ತ್ರದಲ್ಲಿ ಹಳೆಯ ರೂಢಿ.

ಪ್ರಯೋಗಗಳನ್ನು ಗಮನಿಸೋಣ. ಕ್ರಿ.ಪೂ. 160ರಲ್ಲಿ ರಂಗವೇರಿದ ಟೆರೆನ್ಸನ ‘ಅದೆಲ್ಫೋಯ್’ ನಾಟಕದಲ್ಲಿ, ತನಗಾಗಿ ಅಪವಾದವನ್ನು ಹೊತ್ತುಕೊಂಡ ಅಣ್ಣನನ್ನು ಎದುರಿಗೇ ಹೊಗಳಿದರೆ ಮುಖಸ್ತುತಿ ಎನಿಸೀತೆಂದು ತಮ್ಮನು ಹಿಂಜರಿಯುತ್ತಾನೆ. ಅಣ್ಣ ಅವನನ್ನು ಈ ಪದದಿಂದಲೇ ಸಂಬೋಧಿಸಿ ಅಕ್ಕರೆಯಿಂದ ಗದರುತ್ತಾನೆ. ತಮ್ಮನು ಮೂರ್ಖನಲ್ಲ, ಒಡಹುಟ್ಟಿದವರ ನಡುವೆ ಬೇಡವಾದ ಉಪಚಾರವನ್ನು ತಂದಿದ್ದಾನೆ, ಅಷ್ಟೆ. ಒಂದು ಶತಮಾನದ ಬಳಿಕ ಕವಿ ಕತುಲ್ಲುಸ್ ಔತಣದಲ್ಲಿ ಕೈವಸ್ತ್ರ ಕದಿಯುವವನನ್ನು ಇದೇ ಪದದಿಂದ ಕರೆಯುತ್ತಾನೆ. ಆ ಕಳ್ಳನ ಕೈಚಳಕಕ್ಕೆ ಕೊರತೆಯಿಲ್ಲ. ತನ್ನ ಕೃತ್ಯವನ್ನು ಚತುರ ವಿನೋದವೆಂದು ಎಣಿಸಿರುವುದೇ ಅವನ ದೋಷ. ಸಾವಿನ ಮನೆಯಲ್ಲಿಯೂ ನ್ಯಾಯಾಲಯದಲ್ಲಿಯೂ ಹಲ್ಲು ತೋರುವ ಎಗ್ನಾತಿಯುಸನ ನಗೆಗೂ ಕವಿ ಇದೇ ವಿಶೇಷಣವನ್ನು ಬಳಸುತ್ತಾನೆ. ಇನ್ನೊಂದು ಕವಿತೆಯಲ್ಲಿ ಇದು ಹಳೆಯ ಮರದಿಂದ ಕಟ್ಟಿದ ಸೇತುವೆಯ ಭದ್ರವಲ್ಲದ ಕಾಲುಗಳಿಗೆ ಅನ್ವಯವಾಗಿದೆ; ‘ಜೋಡಣೆ’ ಎಂಬ ಮೂಲಾರ್ಥ ಅಲ್ಲಿ ಬರಿಗಣ್ಣಿಗೆ ಕಾಣುತ್ತದೆ.

ಈ ಪದದ ಅತ್ಯಂತ ವಿಸ್ತೃತ ವಿವೇಚನೆ ದೊರೆಯುವುದು ಕ್ರಿ.ಪೂ. 55ರ ‘ದೆ ಓರಾತೋರೆ’ಯ ಎರಡನೆಯ ಸಂಪುಟದಲ್ಲಿ. ಸಿಸೆರೊ ಅದನ್ನು ಕ್ರಾಸುಸನ ಬಾಯಿಂದ ಹೇಳಿಸುತ್ತಾನೆ. ಕಾಲದ ಬೇಡಿಕೆಯನ್ನು ಅರಿಯದವನು, ಅತಿಯಾಗಿ ಮಾತಾಡುವವನು, ತನ್ನನ್ನು ಮೆರೆಸಿಕೊಳ್ಳುವವನು, ಜೊತೆಗಿರುವವರ ಘನತೆಯನ್ನೂ ಅನುಕೂಲವನ್ನೂ ಲೆಕ್ಕಿಸದವನು ಇನೆಪ್ತುಸ್ ಎನಿಸುತ್ತಾನೆ. ಮುಂದುವರಿದು ಆತ ಹೇಳುವುದಿದು: ಪಂಡಿತರಾದ ಗ್ರೀಕರಲ್ಲಿ ಈ ದೋಷ ತುಂಬಿ ತುಳುಕುತ್ತಿದೆ, ಎಂತಲೇ ಅವರಿಗೆ ಅದು ದೋಷವೆಂದು ಹೊಳೆದಿಲ್ಲ, ಅದಕ್ಕೊಂದು ಹೆಸರನ್ನೂ ಇಟ್ಟಿಲ್ಲ.

ಶಬ್ದಾಭಾವದಿಂದ ಜನಾಂಗದ ಸ್ವಭಾವವನ್ನು ಊಹಿಸುವ ತರ್ಕದ ಪ್ರಾಚೀನ ನಿದರ್ಶನ ಇದು. ಇದು ನಿಲ್ಲುವ ತರ್ಕವಲ್ಲ. ದೋಷವು ಸರ್ವವ್ಯಾಪಿಯಾದ್ದರಿಂದ ಹೆಸರಿಲ್ಲ ಎನ್ನಬಹುದಾದರೆ, ದೋಷವೇ ವಿರಳವಾದ್ದರಿಂದ ಹೆಸರಿಲ್ಲ ಎಂದೂ ಅಷ್ಟೇ ಸಲೀಸಾಗಿ ಹೇಳಬಹುದು. ವಸ್ತುಸ್ಥಿತಿಯೂ ಬೇರೆ. ಕ್ರಿ.ಪೂ. ನಾಲ್ಕನೆಯ ಶತಮಾನದ ಥಿಯೊಫ್ರಾಸ್ಟಸ್ ತನ್ನ ‘ಶೀಲಚಿತ್ರ’ಗಳಲ್ಲಿ ‘ಅಕೈರಿಯಾ’ಕ್ಕೆ, ಅಂದರೆ ಅಕಾಲವರ್ತನೆಗೆ, ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಔಚಿತ್ಯವಾಚಕವಾದ ‘ದೆಕೋರುಮ್’ ಪದವನ್ನು ಸಿಸೆರೊ ‘ಓರಾತೋರ್’ ಕೃತಿಯಲ್ಲಿ (ಕ್ರಿ.ಪೂ. 46) ಗ್ರೀಕಿನ ‘ಪ್ರೆಪೋನ್’ಗೆ ಸಂವಾದಿಯೆಂದೇ ಮುಂದಿಡುತ್ತಾನೆ. ಆದುದರಿಂದ ಗ್ರೀಕಿನಲ್ಲಿ ಪರಿಕಲ್ಪನೆಯ ಅಭಾವವಿರಲಿಲ್ಲ. ಕ್ರಾಸುಸ್ ಪಟ್ಟಿಮಾಡಿದ ದೋಷಗಳನ್ನು ಒಂದೇ ಪದದಲ್ಲಿ ಒಗ್ಗೂಡಿಸಿದುದಷ್ಟೇ ಲ್ಯಾಟಿನ್ನಿನ ವಿಶೇಷ. ಆತನ ಮಾತು ಗ್ರೀಕರ ಸ್ವಭಾವಕ್ಕಿಂತ ರೋಮನ್ ಕುಲೀನರ ಆತ್ಮಪ್ರತಿಮೆಯನ್ನು ಹೆಚ್ಚಾಗಿ ತಿಳಿಸುತ್ತದೆ.

ಉತ್ತರಕಾಲೀನ ಭಾಷೆಗಳಲ್ಲಿ ಈ ಸಂಬಂಧಸೂಚಕ ಅರ್ಥ ವ್ಯಕ್ತಿಯೊಳಗಿನ ಕೊರತೆಯಾಗಿ ಮಾರ್ಪಟ್ಟಿತು. ಇಂಗ್ಲಿಷಿನ ‘ಇನೆಪ್ಟ್’ ಇಂದು ಮುಖ್ಯವಾಗಿ ಕೌಶಲಹೀನತೆಯನ್ನು ಹೇಳುತ್ತದೆ. ಅನೌಚಿತ್ಯದ ಅರ್ಥ ‘ಇನಾಪ್ಟ್’ ಎಂಬ ಜೋಡಿರೂಪದ ಪಾಲಿಗೆ ಹೋಗಿದೆ. ಇಟಾಲಿಯನ್ನಿನ ‘ಇನೆತ್ತೊ’ ಬದುಕಿಗೇ ಒಗ್ಗದವನನ್ನು ಸೂಚಿಸಬಲ್ಲದು: ಇತಾಲೊ ಸ್ವೇವೊ 1892ರ ತನ್ನ ಮೊದಲ ಕಾದಂಬರಿಗೆ ಮೊದಲು ಇಟ್ಟಿದ್ದ ಹೆಸರು ‘ಉನ್ ಇನೆತ್ತೊ’.

ಇಂದಿನ ಅರ್ಥವನ್ನು ಹಿಂದಕ್ಕೆ ಹೊರಿಸಿ ಓದಿದರೆ ಸಿಸೆರೊ ಮತ್ತು ಕತುಲ್ಲುಸರ ಮಾತು ಬರಿಯ ಬೈಗುಳವಾಗಿ ಕುಗ್ಗುತ್ತದೆ. ಕನ್ನಡ ಅನುವಾದಕನಿಗೂ ಈ ಎಚ್ಚರ ಅಗತ್ಯ. ‘ಅಸಮರ್ಥ’ ಎಂಬುದು ಇಲ್ಲಿ ಸಲ್ಲದು. ‘ಅನುಚಿತ’ ಎಂಬುದು ಕೃತ್ಯಕ್ಕೆ ಒಪ್ಪುವಷ್ಟು ವ್ಯಕ್ತಿಗೆ ಒಪ್ಪದು. ಆಡುಮಾತಿನ ‘ಹೊತ್ತುಗೊತ್ತು ಅರಿಯದವನು’ ಎಂಬ ನುಡಿಗಟ್ಟು ಕ್ರಾಸುಸನ ಮೊದಲ ಲಕ್ಷಣಕ್ಕೆ ಅತ್ಯಂತ ಸಮೀಪದ್ದು. ಅದು ಒಂದೇ ಪದವಲ್ಲ ಎಂಬುದರಿಂದ ಕನ್ನಡಿಗರ ಸ್ವಭಾವದ ಬಗೆಗೆ ಏನೂ ಸಿದ್ಧವಾಗುವುದಿಲ್ಲ.