ಏಲಕ್ಕಿ ಬಾಕಿ, ಬಹಿಷ್ಕಾರದ ಬೆದರಿಕೆ

ಬ್ಯಾಡಗಿ ಪೇಟೆಯಲ್ಲಿ ಮುಂಗಡ ಕೊಟ್ಟು ಮಾಲಿನ ದಾರಿ ಕಾಯುತ್ತ ಕೂತ ವ್ಯಾಪಾರಿಯ ಮುಖ ನೋಡಿದವರಿಗೆ ಈ ಕಾಗದ ಹೊಸದೆನಿಸಲಿಕ್ಕಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಅಡೆನ್ ಬಂದರಿನ ಯೆಹೂದಿ ವರ್ತಕನೊಬ್ಬ ಮಂಗಳೂರಿನಲ್ಲಿದ್ದ ಗೆಳೆಯನಿಗೆ ಬರೆಯುತ್ತಾನೆ: ಏಲಕ್ಕಿಗೆಂದು ದುಡ್ಡು ತಗೊಂಡವನು ಮಾಲು ಕೊಟ್ಟಿಲ್ಲ, ಮಾತಿಗೆ ತಪ್ಪಿದವರಿಗೆ ಅಡೆನ್ನಿನಲ್ಲಿ ಬಹಿಷ್ಕಾರ ಹಾಕುತ್ತೇವೆಂದು ಹೇಳಿ ಅವನನ್ನು ಒಂದಿಷ್ಟು ಹೆದರಿಸಿ ನೋಡು. ಬಹಿಷ್ಕಾರ ಯೆಹೂದಿಗಳ ಧರ್ಮಪಂಚಾಯಿತಿ ತನ್ನವರಿಗೆ ವಿಧಿಸುತ್ತಿದ್ದ ಶಿಕ್ಷೆ. ಕರಾವಳಿಯ ಆ ಏಲಕ್ಕಿಯವನಿಗೆ ಅದರಿಂದ ಕೂದಲೂ ಕೊಂಕುತ್ತಿರಲಿಲ್ಲ. ಬರೆದವನಿಗೂ ಅದು ಗೊತ್ತಿತ್ತು ಅಂತ ನನ್ನ ಅನುಮಾನ. ಬಾಕಿ ವಸೂಲಿಗೆ ಕೂತವನು ಕೈಗೆ ಸಿಕ್ಕ ಕೋಲನ್ನೇ ಎತ್ತುತ್ತಾನೆ.

ಏಲಕ್ಕಿ ಹಾರಕ್ಕೆ ಹೆಸರಾದ ಹಾವೇರಿಯ ಮಗ್ಗುಲಲ್ಲಿ, ಕರ್ಜಗಿಯಲ್ಲಿ ಕೂತು ಇದನ್ನು ಓದುವಾಗ ಒಂದು ಪ್ರಶ್ನೆ ಏಳುತ್ತದೆ. ಯೆಹೂದಿ ಚರಿತ್ರೆ ಅಂದರೆ ನಮಗೆ ಜೆರುಸಲೇಮು, ಹಿಟ್ಲರನ ಶಿಬಿರಗಳು, ಹೆಚ್ಚೆಂದರೆ ಕೊಚ್ಚಿಯ ಸಿನಗಾಗ್. ಮಂಗಳೂರು ಆ ಚರಿತ್ರೆಯೊಳಗೆ ಬಂದದ್ದು ಹೇಗೆ, ಯಾರಿಂದ?

ಬಂದದ್ದು ಒಂದು ಮಡಿಯಿಂದ. ದೇವರ ಹೆಸರು ಬರೆದ ಕಾಗದವನ್ನು ಹರಿಯಬಾರದು, ಸುಡಬಾರದು ಎಂಬುದು ಯೆಹೂದಿ ಆಚಾರ. ನಮ್ಮಲ್ಲಿ ಹಳೆಯ ದೇವರ ಫೋಟೋವನ್ನು ಅರಳಿಕಟ್ಟೆಗೆ ಇಟ್ಟು ಬರುತ್ತೇವೆ, ಇಲ್ಲವೇ ವರದಾ ನದಿಗೆ ಬಿಡುತ್ತೇವಲ್ಲ, ಆ ತರಹದ್ದು. ಹಳೆಯ ಕೈರೋದ ಬೆನ್ ಎಜ್ರಾ ಸಿನಗಾಗಿನಲ್ಲಿ ಇಂಥ ಕಾಗದಗಳಿಗೆಂದೇ ಒಂದು ಕೋಣೆಯಿತ್ತು. ಹೆಸರು ಗೆನೀಜಾ. ವರ್ತಕರ ಕಾಗದಗಳೂ ದೇವರ ಹೆಸರಿನಿಂದಲೇ ಶುರುವಾಗುತ್ತಿದ್ದವು, ಹಾಗಾಗಿ ಲೆಕ್ಕದ ಚೀಟಿ, ಜಗಳದ ಪತ್ರ, ಮದುವೆಯ ಕರಾರು ಎಲ್ಲ ಅಲ್ಲಿಗೇ ಬಿದ್ದವು. ಅರಬ್ಬಿ ಮಾತು, ಹೀಬ್ರೂ ಅಕ್ಷರ. ಈಜಿಪ್ಟಿನ ಹಾಳು ಕಾಗದ ಕನ್ನಡಿಗರಿಗೆ ಹೊಸದೇನಲ್ಲ: ಆಕ್ಸಿರಿಂಕಸ್‌ನ ತಿಪ್ಪೆಯಲ್ಲಿ ಸಿಕ್ಕ ಗ್ರೀಕ್ ಪ್ರಹಸನದಲ್ಲಿ ಕನ್ನಡದ ಮಾತುಗಳಿವೆಯೇ ಎಂದು ಗೋವಿಂದ ಪೈಗಳಂಥವರೇ ತಲೆ ಕೆಡಿಸಿಕೊಂಡಿದ್ದರು.

1896ರ ಕೊನೆಗೆ ಕೇಂಬ್ರಿಜ್‌ನ ಸಾಲೊಮನ್ ಶೆಕ್ಟರ್ ಕೈರೋಕ್ಕೆ ಹೋಗಿ ಆ ಕೋಣೆಯನ್ನು ಹೆಚ್ಚುಕಡಿಮೆ ಬಳಿದುಕೊಂಡೇ ಬಂದ. ಕೇಂಬ್ರಿಜ್‌ಗೆ ಸೇರಿದ್ದು ಒಂದೂಮುಕ್ಕಾಲು ಲಕ್ಷಕ್ಕೂ ಮೀರಿದ ತುಣುಕುಗಳು, ಉಳಿದವು ಆಕ್ಸ್‌ಫರ್ಡ್, ಸೇಂಟ್ ಪೀಟರ್ಸ್‌ಬರ್ಗ್, ಫಿಲಡೆಲ್ಫಿಯಾ ಎಂದು ಚೆಲ್ಲಾಪಿಲ್ಲಿಯಾದವು. ಆದರೆ ಶೆಕ್ಟರನಿಗೆ ಬೇಕಿದ್ದುದು ಧರ್ಮಗ್ರಂಥದ ಹಳೆಯ ಪಾಠ. ಮೆಣಸು, ಕಬ್ಬಿಣ, ಅಡಿಕೆಯ ಲೆಕ್ಕ ಅವನ ತಲೆಮಾರಿಗೆ ರದ್ದಿ. ನಮ್ಮಲ್ಲೂ ಬಹುಕಾಲ ಶಾಸನ ಓದಿದವರು ರಾಜನ ಬಿರುದು ಎಣಿಸಿ ಮುಗಿಸುತ್ತಿದ್ದರು. ದಾನದ ಗದ್ದೆಯ ಎಲ್ಲೆಗಲ್ಲು ಯಾರಿಗೂ ಬೇಕಿರಲಿಲ್ಲ.

ಆ ರದ್ದಿಯನ್ನು ಚರಿತ್ರೆ ಮಾಡಿದವರು ಎಸ್.ಡಿ. ಗೊಯ್ಟೀನ್. 1900ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಇವರು ಗೆನೀಜಾಕ್ಕೆ ಬರುವ ಮೊದಲು ಯೆಮನ್ನಿನ ಯೆಹೂದಿಗಳ ಮಾತು, ಗಾದೆ, ನಡಾವಳಿಗಳನ್ನು ಕೂಡಿಸಿದವರು. ಅಡೆನ್ನಿನ ವರ್ತಕನ ವಾಕ್ಯ ಅವರ ಕಿವಿಗೆ ಬದುಕಿದ ಮಾತಾಗಿ ಕೇಳಿಸಿದ್ದು ಅದಕ್ಕೇ. 1950ರ ಸುಮಾರಿಗೆ ಹಿಂದೂಸ್ಥಾನದ ವ್ಯಾಪಾರದ ಪತ್ರಗಳಿಗೆ ಕೈಹಾಕಿದರು. ಅದನ್ನು ಅರ್ಥ ಮಾಡಿಕೊಳ್ಳಲು ಮೊದಲು ಮೆಡಿಟರೇನಿಯನ್ ಸಮಾಜ ತಿಳಿಯಬೇಕು ಎನ್ನಿಸಿ ಆ ಕಡೆ ಹೊರಳಿದರು. ಅದೇ ಐದು ಸಂಪುಟಗಳ ಮಹಾಗ್ರಂಥವಾಯಿತು. 1985ರಲ್ಲಿ ತೀರಿಕೊಂಡಾಗ ಹಿಂದೂಸ್ಥಾನದ ಪುಸ್ತಕ ಅರ್ಧಕ್ಕೇ ನಿಂತಿತ್ತು.

ಆ ಪತ್ರಗಳ ನಡುವೆ ನಿಂತವನು, ಮೊದಲು ಹೇಳಿದ ಮಂಗಳೂರಿನ ಆ ಗೆಳೆಯ, ಅಬ್ರಹಾಂ ಬೆನ್ ಯಿಜು. ಟ್ಯುನೀಸಿಯಾದ ಮಹ್ದಿಯಾದವನು, ಅಡೆನ್ನಿಗೆ ಬಂದು, ಅಲ್ಲಿಂದ ಮಂಗಳೂರಿಗೆ ಹಡಗು ಹತ್ತಿದವನು. 1132ರಿಂದ 1149ರವರೆಗಿನ ಹೆಚ್ಚಿನ ಕಾಲ ಈ ಕರಾವಳಿಯಲ್ಲೇ ಇದ್ದ. ಇಲ್ಲಿ ಅವನಿಗೊಂದು ಕಂಚು ತಾಮ್ರದ ಕಾರ್ಖಾನೆಯಿತ್ತು. ಅಡೆನ್ನಿನವರು ಒಡೆದ ತಾಮ್ರದ ಪಾತ್ರೆ ತೂಕ ಮಾಡಿ ಕಳಿಸುವರು, ಇಷ್ಟರಲ್ಲಿ ಒಂದು ತಟ್ಟೆ, ಇಷ್ಟರಲ್ಲಿ ಒಂದು ತಂಬಿಗೆ ಮಾಡಿಸಿ ಕಳಿಸು ಎನ್ನುವರು. ಹಳೆಯ ಹಿತ್ತಾಳೆ ಕೊಟ್ಟು ಹೊಸ ಕೊಡ ತರುವ ನಮ್ಮ ಹೆಣ್ಣುಮಕ್ಕಳ ಲೆಕ್ಕವೇ, ನಡುವೆ ಒಂದು ಸಮುದ್ರ ಇದ್ದದ್ದಷ್ಟೇ ಹೆಚ್ಚು. ಅಡೆನ್ನಿನಿಂದ ಬರುತ್ತಿದ್ದ ಉಡುಗೊರೆಗಳಲ್ಲಿ ಸಕ್ಕರೆ, ಒಣದ್ರಾಕ್ಷಿಯ ಜೊತೆ ಬಿಳಿ ಕಾಗದವೂ ಇರುತ್ತಿತ್ತು. ಓಲೆಗರಿಯ ನಾಡಿನಲ್ಲಿ ಅದು ಸಿಗುತ್ತಿರಲಿಲ್ಲ.

ಕಾಲ ಯಾವುದೆಂದು ಇಲ್ಲಿನವರು ನೆನೆಯಬೇಕು. ಬೆನ್ ಯಿಜು ತಾಮ್ರ ತೂಗಿಸುತ್ತಿದ್ದ ಶತಮಾನವೇ ಕಲ್ಯಾಣದ ಶರಣರದ್ದು, ನಮ್ಮ ರಾಣೇಬೆನ್ನೂರು ತಾಲ್ಲೂಕಿನ ಚೌಡದಾನಪುರದ ಹೊಳೆಯೊಂದಿಗೆ ಹೆಸರು ಕೂಡಿದ ಅಂಬಿಗರ ಚೌಡಯ್ಯನದ್ದು.

1970ರ ದಶಕದ ಕೊನೆಗೆ ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದ ಅಮಿತಾವ್ ಘೋಷ್‌ಗೆ ಗೊಯ್ಟೀನರ ಅನುವಾದವೊಂದರಲ್ಲಿ ಒಂದು ಸಣ್ಣ ಸಾಲು ಕಣ್ಣಿಗೆ ಬಿತ್ತು. 1139ರ ಸುಮಾರಿಗೆ ಅಡೆನ್ನಿನ ಖಲಫ್ ಎಂಬ ವರ್ತಕ ಬೆನ್ ಯಿಜುವಿಗೆ ಬರೆದ ಪತ್ರ. ಅದರಲ್ಲಿ ಅವನ ಆಳಿಗೂ ಒಂದು ವಂದನೆ. ಎಲ್ಲರ ಕಣ್ಣು ಯಜಮಾನನ ಮೇಲಿದ್ದಾಗ ಘೋಷ್ ಆ ಆಳಿನ ಬೆನ್ನು ಹತ್ತಿದರು. ಈಜಿಪ್ಟಿನ ಹಳ್ಳಿಯೊಂದರಲ್ಲಿದ್ದು ಕಲಿತ ಆಡುಮಾತಿನ ಅರಬ್ಬಿ, ಗೆನೀಜಾದ ಅರಬ್ಬಿ ಓದಲು ಒದಗಿಬಂತು. ಹೆಸರು ಮಾತ್ರ ಗಂಟಾಗಿ ಉಳಿಯಿತು: ಹೀಬ್ರೂ ಬರಹದಲ್ಲಿ ಸ್ವರವಿಲ್ಲ, ಇದ್ದದ್ದು ಬ, ಮ, ಹ. ವಿದ್ವಾಂಸರು ‘ಬಾಮ’ ಎಂದು ಓದಿಕೊಂಡಿದ್ದರು. ಘೋಷ್ ಮಂಗಳೂರಿಗೆ ಬಂದು ಬಿ.ಎ. ವಿವೇಕ ರೈ ಅವರನ್ನು ಕೇಳಿದರು. ತುಳುನಾಡಿನ ಜನರ ಹೆಸರುಗಳನ್ನು ಬಲ್ಲ ವಿದ್ವಾಂಸರ ನೆರವಿನಿಂದ ಗಂಟು ಬಿಚ್ಚಿತು: ಬೊಮ್ಮ. ಬೊಮ್ಮಪ್ಪ, ಬೊಮ್ಮಾಯಿ ಎಂದು ದಿನಾ ಕೂಗುವ ನಮ್ಮ ಕಡೆಯವರನ್ನು ಯಾರಾದರೂ ಮೊದಲೇ ಕೇಳಿದ್ದರೆ ಇಷ್ಟು ತಡವಾಗುತ್ತಿರಲಿಲ್ಲ. 1992ರಲ್ಲಿ ಬಂದ ‘ಇನ್ ಆ್ಯನ್ ಆ್ಯಂಟೀಕ್ ಲ್ಯಾಂಡ್’ ಈ ಹುಡುಕಾಟದ ಕತೆ. ಯೆಹೂದಿ ಅಧ್ಯಯನಕ್ಕೆ ಕರ್ನಾಟಕದ ಕಡೆಯಿಂದ ಸಂದ ದೊಡ್ಡ ಕಾಣಿಕೆ ಆ ಒಂದು ಒತ್ತಕ್ಷರ ಅಂದರೆ ತಪ್ಪಾಗದು.

ಧರ್ಮಶಾಸ್ತ್ರದ ಕಡೆಯಿಂದ ಬೆನ್ ಯಿಜುವಿನ ಮನೆಯೊಳಗೆ ಇಣುಕಿದವರು ಮೊರ್ದೆಖಾಯ್ ಅಕೀವ ಫ್ರೀಡ್‌ಮನ್. ಗೊಯ್ಟೀನ್ ಬಿಟ್ಟುಹೋದ ಕೆಲಸ ಮುಗಿಸಿ 2008ರಲ್ಲಿ ‘ಇಂಡಿಯಾ ಟ್ರೇಡರ್ಸ್ ಆಫ್ ದಿ ಮಿಡಲ್ ಏಜಸ್’ ಹೊರತಂದರು. ಮಂಗಳೂರಿಗೆ ಬಂದ ವರ್ಷವೇ, 1132ರ ಅಕ್ಟೋಬರ್ 17ರಂದು, ಬೆನ್ ಯಿಜು ಅಶು ಎಂಬ ಇಲ್ಲಿಯ ದಾಸಿಗೆ ಬಿಡುಗಡೆ ಪತ್ರ ಬರೆದುಕೊಟ್ಟ. ಆ ಪತ್ರ ಈಗ ಸೇಂಟ್ ಪೀಟರ್ಸ್‌ಬರ್ಗಿನಲ್ಲಿದೆ. ಮೇಲ್ನೋಟಕ್ಕೆ ಔದಾರ್ಯ, ಒಳಗೆ ಶಾಸ್ತ್ರ. ಹಲಾಖಾ ಎಂಬ ಯೆಹೂದಿ ಧರ್ಮಶಾಸ್ತ್ರದ ಪ್ರಕಾರ ದಾಸಿಯ ಹೊಟ್ಟೆಯಲ್ಲಿ ಹುಟ್ಟಿದ ಮಗು ತಾಯಿಯ ದರ್ಜೆಗೇ ಸೇರುತ್ತದೆ. ಶಾಸ್ತ್ರೋಕ್ತವಾಗಿ ಬಿಡುಗಡೆಯಾದ ಹೆಣ್ಣಾದರೋ ಪೂರ್ಣ ಯೆಹೂದಿ, ಅವಳ ಮಕ್ಕಳೂ ಹಾಗೆಯೇ. ಒಂದು ಹಾಳೆ ಹುಟ್ಟಲಿರುವ ಮಕ್ಕಳ ಕುಲವನ್ನೇ ನಿರ್ಧರಿಸುತ್ತಿತ್ತು. ಆದರೂ ಬೆನ್ ಯಿಜುವಿಗೆ ನೆಮ್ಮದಿಯಿರಲಿಲ್ಲ. ದಾಸಿ, ಮದುವೆ, ಮಕ್ಕಳ ಹಕ್ಕಿನ ಬಗ್ಗೆ ಅವನ ಕೈಬರಹದಲ್ಲೇ ಉಳಿದ ನ್ಯಾಯಪ್ರಶ್ನೆಗಳ ಕರಡುಗಳನ್ನು ಫ್ರೀಡ್‌ಮನ್ ಬಿಡಿಸಿ ಓದಿದ್ದಾರೆ. ನನಗಂತೂ ಇಡೀ ಸಂಗ್ರಹದಲ್ಲಿ ಮೆಣಸಿನ ಲೆಕ್ಕಕ್ಕಿಂತ ಈ ಕರಡುಗಳೇ ಹೆಚ್ಚು ಕಾಡಿದವು. ದೂರದ ಸೀಮೆಯ ಹೆಣ್ಣನ್ನು ಮನೆತುಂಬಿಸಿಕೊಂಡವನು ಊರ ಹಿರಿಯರ ಬಾಯಿಗೆ ಅಂಜಿ ರಾತ್ರಿ ಶಾಸ್ತ್ರ ತಿರುವುವುದು ನಮಗೆ ತೀರ ಅಪರಿಚಿತ ಚಿತ್ರವಲ್ಲ.

2018ರಲ್ಲಿ ಎಲಿಜಬೆತ್ ಲ್ಯಾಂಬೋರ್ನ್ ಬೆನ್ ಯಿಜುವಿನ ಗಂಟುಮೂಟೆಯ ಒಂದೇ ಪಟ್ಟಿ ಹಿಡಿದು ‘ಅಬ್ರಹಾಮ್ಸ್ ಲಗೇಜ್’ ಎಂಬ ಪುಸ್ತಕ ಬರೆದರು. ಅಕ್ಕಿ, ಉಪ್ಪಿನಕಾಯಿ, ಗಾಜಿನ ಸಾಮಾನು ಇರುವ ಪಟ್ಟಿಯದು. ಗೋದಿಯ ರೊಟ್ಟಿಯೂ ದ್ರಾಕ್ಷಾರಸವೂ ಬೇಡುವ ಆಚಾರವನ್ನು ಅನ್ನ ಉಣ್ಣುವ ಕರಾವಳಿಯಲ್ಲಿ ಹೇಗೆ ನಡೆಸಿದರು ಎಂಬ ಅಡುಗೆಮನೆಯ ಪ್ರಶ್ನೆ ಹೀಗೆ ಚರಿತ್ರೆಯ ಪ್ರಶ್ನೆಯಾಯಿತು.

ನಮ್ಮ ಸುತ್ತಿನ ಯೆಹೂದಿ ಚರಿತ್ರೆಯ ಉಳಿದ ಎಳೆಗಳನ್ನು ಬೇಗ ಹೇಳಿಬಿಡಬಹುದು. ಕೊಂಕಣದ ಬೆನೆ ಇಸ್ರೇಲರು ಶನಿವಾರ ಗಾಣ ಹೂಡದ್ದರಿಂದ ‘ಶನಿವಾರ ತೇಲಿ’ ಎನಿಸಿಕೊಂಡರು. ಆ ಸಮುದಾಯದವರೇ ಆದ ಕೆಹಿಮ್ಕರ್ 1897ರಲ್ಲಿ ಬರೆದಿಟ್ಟ ಚರಿತ್ರೆ ಅಚ್ಚಾಗಲು 1937 ಆಗಬೇಕಾಯಿತು. ಹಿಟ್ಲರನಿಂದ ತಪ್ಪಿಸಿಕೊಂಡು ಬಂದ ಓಟೋ ಕೋನಿಗ್ಸ್‌ಬರ್ಗರ್ 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾದರು. ಬೆಂಗಳೂರಿನಲ್ಲಿ ಯೆಹೂದಿಗಳದೊಂದು ಸಣ್ಣ ರುದ್ರಭೂಮಿಯಿದೆ.

ಬಾಕಿ ಉಳಿದದ್ದು ನಮ್ಮ ಕಡೆಯ ಓದು. ಹನ್ನೆರಡನೆಯ ಶತಮಾನದ ನಮ್ಮ ಶಾಸನಗಳಲ್ಲಿ ಅಯ್ಯಾವೊಳೆ ಐನೂರ್ವರೆಂಬ ವರ್ತಕರಿದ್ದಾರೆ, ಸುಂಕವಿದೆ, ಅಡಿಕೆ ಮೆಣಸಿನ ಹೇರುಗಳಿವೆ, ಸಾಲುಸಾಲು ಬಮ್ಮರು ಬೊಮ್ಮರಿದ್ದಾರೆ. ಅಡೆನ್ನಿನ ಪತ್ರಗಳಲ್ಲಿ ಕಾಣುವುದು ಹಡಗು ಹತ್ತಿದ ಮೇಲಿನ ಮಾಲು. ಅದು ಘಟ್ಟ ಇಳಿದ ದಾರಿ ಕಲ್ಲಿನ ಮೇಲಿದೆ. ಹಳಗನ್ನಡದ ಲಿಪಿ ಬಲ್ಲವರಿಗೆ ಹೀಬ್ರೂ ಬಾರದು, ಹೀಬ್ರೂ ಬಲ್ಲವರಿಗೆ ಈ ಕಲ್ಲು ಕಾಣದು.

ಬೆನ್ ಯಿಜು 1149ರಲ್ಲಿ ಮಕ್ಕಳನ್ನು ಕರೆದುಕೊಂಡು ಅಡೆನ್ನಿಗೆ ಮರಳಿದ. ಮಗಳು ಸಿತ್ತ್ ಅಲ್-ದಾರ್ 1156ರಲ್ಲಿ ಹಳೆಯ ಕೈರೋದಲ್ಲಿ ಅಪ್ಪನ ಸೋದರನ ಮಗನನ್ನು ಮದುವೆಯಾದಳು. ಗೆಳೆಯರ ಪತ್ರಗಳಲ್ಲಿ ಮಕ್ಕಳಿಗೆ ವಂದನೆಯಿದೆ, ಬೊಮ್ಮನಿಗೂ ಇದೆ. ಅಶುವಿಗೆ ಒಂದು ಸಾಲೂ ಇಲ್ಲ.